ಅರ್ದಿಯಾದಲ್ಲಿ ಕೊಲೆ ನೋಡಲು ಹೋದದ್ದು

ಶುಕ್ರವಾರ ಬೆಳಿಗ್ಗೆ ಕುವೈತಿನ ಸಾಲ್ಮಿಯಾದಿಂದ ಬಾಡಿಗೆ ಬಸ್ಸಿನಲ್ಲಿ ಹೊರಟೆವು. ತಲೆಗೆ ಎರಡು ದಿನಾರ್, ಸಮೋಸ-ಚಹಾ ಸೇರಿ. ಜನವರಿಯ ಚಳಿ, ಮೇಲೆ ದೂಳಿನ ಗಾಳಿ. ಕರೆದುಕೊಂಡು ಹೊರಟವರು ನಮ್ಮ ಮೈಸೂರಿನ ಇಂಜಿನಿಯರ್ ಪ್ರಸಾದ್. ಹಿಂದಿನ ರಜೆಯಲ್ಲಿ ಲಂಡನ್ನಿಗೆ ಹೋಗಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹೆಂಗಸರನ್ನು ಕೊಂದು ಹಾಕಿದ ಬೀದಿಗಳಲ್ಲಿ ಗೈಡ್ ಹಿಂದೆ ನಡೆದು ಬಂದಿದ್ದರು. ಬಂದ ಮೇಲೆ ಅದೇ ಹುಚ್ಚು. ಇಲ್ಲೂ ಒಂದು ಕೊಲೆ ಹುಡುಕಿದರು. ಅರ್ದಿಯಾದ ಗೋದಾಮುಗಳ ಹಿಂದೆ, ಕಾರ್ಮಿಕರ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದ ಸುಮತಿ ಎಂಬ ಕರಾವಳಿಯ ಹೆಂಗಸನ್ನು ಕೆಲವು ವರ್ಷಗಳ ಹಿಂದೆ ಯಾರೋ ಕೊಂದಿದ್ದರು. ಕೊಂದವನು ಸಿಕ್ಕಿಲ್ಲ. ಇನ್ನೇನು ಬೇಕು? ಹ್ಯಾಟು ಹಾಕಿ, ಉದ್ದ ಕೊಡೆ ಹಿಡಿದು ಬಸ್ಸಿನ ಬಾಗಿಲಲ್ಲಿ ನಿಂತಿದ್ದರು ಮಹಾರಾಯರು.

ನನಗೆ ಇಂಥದ್ದು ಆಗಿಬರುವುದಿಲ್ಲ. ದಿನವಿಡೀ ಹಲ್ಲು ಕೀಳುವವಳು ನಾನು. ರಜೆಯ ದಿನವಾದರೂ ರಕ್ತ ಬೇಡ ಎಂದೆ. ಮಗಳು ಬಿಡಬೇಕಲ್ಲ! "ಅಮ್ಮಾ, ಇಟ್ಸ್ ಹಿಸ್ಟರಿ!" ಎಂದು ಎಳೆದುಕೊಂಡು ಬಂದು, ತಾನು ಗೆಳತಿಯ ಜೊತೆ ಕೂತಳು.

ನನ್ನ ಪಕ್ಕ ಸಿಕ್ಕವಳು ಕುಸುಮ. ಮಂಗಫ್‌ನ ಹೋಟೆಲೊಂದರಲ್ಲಿ ಬಟ್ಟೆ ಒಗೆಯುವ ಕೆಲಸ. ತೊಡೆಯ ಮೇಲೆ ಟಿಫಿನ್ ಕ್ಯಾರಿಯರ್, ಕೋಳಿ ಸಾರಿನ ವಾಸನೆ.

"ಸಮೋಸ ಕೊಡ್ತಾರಲ್ರೀ, ಊಟ ಯಾಕೆ ಹೊತ್ಕೊಂಡು ಬಂದ್ರಿ?" ಎಂದೆ.

"ನನಗಲ್ಲ ಮೇಡಂ, ಅಕ್ಕನಿಗೆ. ಸುಮತಿ ನನ್ನ ಅಕ್ಕ."

ಅವಳೇ ಮೆಲ್ಲಗೆ ಹೇಳಿದಳು. "ಹೆಣ ಪೆಟ್ಟಿಗೆಯಲ್ಲಿ ಊರಿಗೆ ಬಂತು. ಬೊಜ್ಜ, ಅದೇ ತಿಥಿ, ಮಾಡಿದೆವು, ಸಂಜೆ ಬಾಗಿಲಲ್ಲಿ ನಿಂತು ಒಳಗೆ ಬಾ ಅಂತ ಕರೆದದ್ದೂ ಆಯ್ತು. ಬರ್ಲಿಲ್ಲ ಅವಳು. ಅಮ್ಮನ ಕನಸಲ್ಲಿ ಅಂಗಳದಲ್ಲೇ ನಿಂತಿರ್ತಾಳೆ. ಬಿದ್ದ ಜಾಗದಿಂದ ಕರೀಬೇಕು ಅಂತ ಹಿರಿಯರು ಹೇಳಿದ್ರು. ಆ ಜಾಗ ನಂಗೆ ಯಾರೂ ತೋರಿಸ್ಲಿಲ್ಲ. ಈ ಸಾರ್‌ಗೆ ಗೊತ್ತುಂಟಂತೆ. ನನ್ನ ಇಕಾಮಾ ಖಲಾಸ್, ಇಲ್ಲಿರೋ ಪರವಾನಗಿ ಮುಗೀತು, ನಾಳೆ ವಿಮಾನ. ಇವತ್ತು ಆಗ್ಲಿಲ್ಲಾಂದ್ರೆ ಇನ್ನು ಇಲ್ಲ."

ಪ್ರಸಾದರಿಗೆ ಹೇಳಿದ್ದೀರಾ ಎಂದೆ. ಹೇಳಿದರೆ ಬರಬೇಡ ಎಂದಾರು ಎಂದು ಹೇಳಿರಲಿಲ್ಲ.

ಮುಂದೆ ಪ್ರಸಾದರು ಲಂಡನ್ ಕೊಲೆಗಾರನ ಚಾಕುವಿನವರೆಗೂ ವರ್ಣಿಸುತ್ತಿದ್ದರು. "ಸತ್ತ ಹೆಂಗಸರ ಹೆಸರೇನು ಸಾರ್?" ಎಂದು ಯಾರೋ ಕೇಳಿದರು. ಅವರಿಗೆ ಒಂದೂ ನೆನಪಿರಲಿಲ್ಲ.

ಹದಿನೈದು ಕಿಲೋಮೀಟರ್ ಕಳೆದು ಅರ್ದಿಯಾದಲ್ಲಿ ಇಳಿದೆವು. ಮುಚ್ಚಿದ ಷಟರುಗಳು, ಟೈರಿನ ರಾಶಿ, ಬಾಲ್ಕನಿ ತುಂಬ ಒಣಹಾಕಿದ ನೀಲಿ ಸಮವಸ್ತ್ರಗಳು. ಒಂದು ಹಳೇ ಕಟ್ಟಡದ ಮೆಟ್ಟಿಲ ಬಳಿ ಪ್ರಸಾದ್ ಕೊಡೆಯ ತುದಿ ಊರಿ ಧ್ವನಿ ತಗ್ಗಿಸಿದರು. "ಇಲ್ಲೇ. ಈ ಮೂರನೇ ಮೆಟ್ಟಿಲ ಮೇಲೆ." ಮೊಬೈಲುಗಳು ಮೇಲೆದ್ದವು. ನಾಚಿಕೆಗೆಟ್ಟ ಜನ!

ಕುಸುಮ ಎಲ್ಲರನ್ನೂ ದಾಟಿ ಹೋದಳು. ಮೂರನೇ ಮೆಟ್ಟಿಲನ್ನು ಸೆರಗಿನಿಂದ ಒರೆಸಿ, ಬಾಳೆಲೆ ಹಾಸಿ, ಕೋರಿ ರೊಟ್ಟಿ ಬಡಿಸಿದಳು. "ಅಕ್ಕಾ, ಬಲ. ಇಲ್ಲಡೆ ಪೋಯಿ," ಎಂದು ತುಳುವಿನಲ್ಲಿ ಕರೆದಳು. ಬಾ, ಮನೆಗೆ ಹೋಗೋಣ. ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು.

"ಯಾರ್ರೀ ಅದು?" ಎಂದರು ಪ್ರಸಾದ್. ತಂಗಿ ಎಂದೆ. ಅವರ ಮುಖ ಸುಣ್ಣ ಬಳಿದಂತಾಯಿತು. ನನ್ನನ್ನು ಪಕ್ಕಕ್ಕೆ ಕರೆದರು. "ಡಾಕ್ಟ್ರೇ, ಅದು ಈ ಕಟ್ಟಡ ಅಲ್ಲ. ಅದನ್ನು ಕೆಡವಿಬಿಟ್ಟಿದ್ದಾರೆ. ಇಲ್ಲಿ ಬಸ್ ನಿಲ್ಲಿಸೋಕೆ ಜಾಗ ಇತ್ತು, ನೋಡೋಕೂ ಹಾಗೇ ಇತ್ತು ಅಂತ..."

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಹ್ಯಾಟಿಗಿಷ್ಟು ಬೆಂಕಿ ಹಾಕ! ಹೋಗಿ, ನೀವೇ ಹೇಳಿ."

ಹೇಳಿದರು. ಕುಸುಮ ಬೈಯಲಿಲ್ಲ. ಎಲೆ ಮಡಚಿ, "ಹಾಗಾದ್ರೆ ಎಲ್ಲಿ ಸಾರ್?" ಎಂದಳು ಅಷ್ಟೆ.

ಎರಡು ಗಲ್ಲಿ ಆಚೆ ತಗಡಿನ ಬೇಲಿ. ಸಂದಿಯಲ್ಲಿ ಇಣುಕಿದರೆ ಹೊಸ ಕಟ್ಟಡಕ್ಕೆ ತೋಡಿದ ಆಳವಾದ ಗುಂಡಿ. ಅಡುಗೆಮನೆ ಎಲ್ಲಿತ್ತು, ಮೆಟ್ಟಿಲು ಎಲ್ಲಿತ್ತು, ಯಾರಿಗೆ ಗೊತ್ತು? ಮಣ್ಣನ್ನೇ ಲಾರಿಯಲ್ಲಿ ಸಾಗಿಸಿಬಿಟ್ಟಿದ್ದರು. ಕುಸುಮ ಬೇಲಿಯುದ್ದಕ್ಕೂ ನಡೆದಳು. ಸಂದಿ ಕಂಡಲ್ಲೆಲ್ಲ ನಿಂತು, "ಅಕ್ಕಾ, ಬಲ," ಎಂದಳು. ಪೂರ್ತಿ ಒಂದು ಸುತ್ತು. ಪ್ರಸಾದ್ ಹ್ಯಾಟು ಕೈಯಲ್ಲಿ ಹಿಡಿದು ಹಿಂದೆ ಹಿಂದೆ ನಡೆದರು. ನಾನು ಅಳುತ್ತಿದ್ದೆ. "ಯಲ್ಲಾ ಭಾಯಿ, ಚಲೋ!" ಎಂದು ಡ್ರೈವರ್ ಹಾರ್ನ್ ಹೊಡೆದ.

ವಾಪಸು ಹೊರಟಾಗ ಮಗಳು ನನ್ನ ಪಕ್ಕ ಬಂದು ಅಂಟಿಕೊಂಡು ಕೂತಳು. ಕುಸುಮ ಎದುರು ಸಾಲಿನಲ್ಲಿ, ಕಿಟಕಿಯ ಸೀಟು ಖಾಲಿ ಬಿಟ್ಟು ಅಂಚಿನಲ್ಲಿ ಕೂತಿದ್ದಳು. ಯಾರೋ ಆ ಸೀಟಿಗೆ ಬಂದಾಗ ಅಡ್ಡ ಕೈಯಿಟ್ಟು ಬೇಡವೆಂದಳು.

"ಅಕ್ಕ ಬಂದ್ರಾ?" ಎಂದು ಮೆಲ್ಲಗೆ ಕೇಳಿದೆ.

"ಗೊತ್ತಿಲ್ಲ ಮೇಡಂ," ಎಂದಳು. "ಬಂದಿದ್ರೆ, ಪಾಪ, ನಿಂತ್ಕೊಂಡು ಬರೋದು ಬೇಡ."