ಹದಿನಾಲ್ಕನೇ ಟೇಪು

ಬೆಳಗಿನ ಐದೂವರೆ. ಬಂದರಿನ ಪಕ್ಕದ ಶೆಡ್ಡಿನಲ್ಲಿ ಹೆಂಗಸೊಬ್ಬರು ಆಳೆತ್ತರದ ಹಳದಿ ತೇಲುಬುರುಡೆಯ ಸುತ್ತ ಮೂರನೇ ಸಲ ಸುತ್ತುತ್ತಿದ್ದಾರೆ. ಒಂದೊಂದು ತೂತಿಗೂ ಬೆರಳಿಟ್ಟು ನೋಡುತ್ತಾರೆ. ಬೆರಳನ್ನೂ ನಂಬದೆ ಟಾರ್ಚ್ ಬಿಡುತ್ತಾರೆ. ನನ್ನತ್ತ ತಿರುಗಿ ಕೇಳಿದ ಮೊದಲ ಮಾತು, "ಏನಾದ್ರೂ ಮುಟ್ಟಿದ್ರಾ?"

ಇಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಅವರನ್ನು ನಂಬಿರಲಿಲ್ಲ. ಪತ್ರಿಕೆಯವರು ಬರುತ್ತಾರೆಂದು ಗೊತ್ತಾದರೆ ಕಸ ಗುಡಿಸುವವರೂ ಎರಡು ಸಲ ಗುಡಿಸುತ್ತಾರೆ. ಇಂಥ ನಾಟಕ ಬೇಕಾದಷ್ಟು ನೋಡಿದ್ದೇನೆ.

ಈ ಬುರುಡೆಯನ್ನು ನಡುಸಮುದ್ರದಲ್ಲಿ ಲಂಗರು ಹಾಕಿ ಬಿಡುತ್ತಾರೆ. ಗಾಳಿ, ಅಲೆ, ವಾಯುಭಾರ ಅಳೆದು ಗಂಟೆಗೊಮ್ಮೆ ದಡಕ್ಕೆ ಅಂಕಿ ಕಳಿಸುವುದು ಅದರ ಕೆಲಸ. ಆ ಅಂಕಿ ನೋಡಿಯೇ ಹವಾಮಾನದವರು ಎಚ್ಚರಿಕೆ ಕೊಡುವುದು, ಮೀನಿನ ದೋಣಿಗಳು ಹೊರಡುವುದು ಅಥವಾ ಉಳಿಯುವುದು. ವರ್ಷಕ್ಕೊಮ್ಮೆ ಅದನ್ನು ದಡಕ್ಕೆ ತಂದು, ಅಂಟಿದ ಚಿಪ್ಪು ಪಾಚಿ ಕೆರೆದು ಬಣ್ಣ ಬಳಿಯಬೇಕು. ಒಂದು ಬುರುಡೆಗೆ ಆರು ದಿನ, ಆರೇಳು ಬಕೆಟ್ ಚಿಪ್ಪು, ಮೂರು ಸಲ ಬಣ್ಣ. ಹತ್ತೊಂಬತ್ತು ವರ್ಷದಿಂದ ಅದನ್ನು ಮಾಡುತ್ತಿರುವವರು ಇವರು. ಶೆಡ್ಡಿನವರ ಬಾಯಲ್ಲಿ ಟೇಪಕ್ಕ.

ಬಣ್ಣ ಬಳಿಯುವ ಮುನ್ನ, ಅಳೆಯುವ ಯಂತ್ರಗಳಿಗೆ ಗಾಳಿ ನೀರು ತಾಗುವ ತೂತುಗಳೊಳಗೆ ಬಣ್ಣ ಇಳಿಯದಿರಲೆಂದು ಹದಿನಾಲ್ಕು ಕಡೆ ಟೇಪು ಅಂಟಿಸುತ್ತಾರೆ. ಒಣಗಿದ ಮೇಲೆ ಒಂದೊಂದನ್ನೇ ಕಿತ್ತು ಗೋಡೆಯ ಹಲಗೆಗೆ ಹಚ್ಚುತ್ತಾರೆ. ಹದಿನಾಲ್ಕೂ ಸೇರಿದರೆ ಮಾತ್ರ, ಬುರುಡೆ ಸಮುದ್ರಕ್ಕೆ ಬಿಡಬಹುದೆಂಬ ಚೀಟಿಗೆ ಅವರ ಸಹಿ. ಇವತ್ತು ಹಲಗೆಯ ಮೇಲೆ ಹದಿಮೂರೇ ಇವೆ. ಬುರುಡೆಯನ್ನು ಒಯ್ಯುವ ಹಡಗು ಎಂಟು ಗಂಟೆಗೆ ಹೊರಡಬೇಕು.

"ಎಲ್ಲೋ ಹಾರ್ಹೋಗಿರುತ್ತೆ, ಬಿಡಿ ಟೇಪಕ್ಕಾ," ಎನ್ನುತ್ತಾರೆ ಶೆಡ್ಡಿನ ಇಂಜಿನಿಯರ್.

"ಹಾರ್ಹೋಗಿದ್ದು ಯಾರು ನೋಡಿದ್ದು ಸಾರ್?"

"ತೂತೆಲ್ಲಾ ತೆರೆದಿದೆ ಅಂತ ನೀವೇ ನೋಡಿದ್ರಲ್ಲ."

"ಅವತ್ತೂ ನೋಡಿದ್ದೆ."

ಇಂಜಿನಿಯರ್ ಹಣೆ ಚಚ್ಚಿಕೊಂಡು ಹಡಗಿನತ್ತ ಹೋಗುತ್ತಾರೆ. ಅವತ್ತು ಅಂದರೆ ಯಾವತ್ತು ಎಂದು ನಾನು ಕೆದಕುತ್ತೇನೆ. ಟೇಪಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಾರೆ.

"ಹನ್ನೊಂದು ವರ್ಷ ಆಯ್ತು. ವಾಯುಭಾರದ ತೂತಿನ ಟೇಪು ಕೀಳೋದು ಮರ್ತೆ. ಟೇಪಿನ ಮೇಲೂ ಹಳದಿ ಬಣ್ಣ ಕೂತಿತ್ತಲ್ಲ, ಕಣ್ಣಿಗೆ ಬೀಳಲೇ ಇಲ್ಲ. ಬಿರುಗಾಳಿ ಬಂದಾಗ ವಾಯುಭಾರ ಎಲ್ಲಾ ಕಡೆ ಇಳೀತು, ನಮ್ಮ ಬುರುಡೆ ಮಾತ್ರ ಎಲ್ಲಾ ಸರಿಯಿದೆ ಅಂತಾನೇ ಕಳಿಸ್ತು. ಆ ಅಂಕಿ ನಂಬ್ಕೊಂಡು ನಮ್ಮಣ್ಣ ದೋಣಿ ಬಿಟ್ಟ. ಎರಡು ದಿನ ಪತ್ತೆ ಇಲ್ಲ. ಬಂದ. ಬಲಗೈಯ ಎರಡು ಬೆರಳು ಬರಲಿಲ್ಲ."

ಬುರುಡೆ ವಾಪಸ್ಸು ಬಂದಾಗ ಆ ಟೇಪು ಕಿತ್ತವರೂ ಇವರೇ. ಯಾರಿಗೂ ಕಾಣದಂತೆ ಜೇಬಿಗಿಳಿಸಿದರು. ವರದಿಯಲ್ಲಿ 'ಯಂತ್ರದ ದೋಷ' ಎಂದಾಯಿತು. ಮರುದಿನದಿಂದ ಹಲಗೆ ಬಂತು.

"ಆ ಬುರುಡೆ ಸುಳ್ಳು ಹೇಳ್ತು ಅಂತ ಅಣ್ಣ ಇವತ್ತಿಗೂ ಬೈತಾನೆ. ಅದೇನು ಮಾಡುತ್ತೆ ಪಾಪ? ಅದರ ಮೂಗು ಮುಚ್ಚಿದ್ದು ನಾನು."

"ಅಣ್ಣನಿಗೆ ಹೇಳಿದ್ದೀರಾ?"

"ಇಲ್ಲ. ಬಾಯೇ ಬರಲ್ಲ."

ನಾಟಕವೆಂದುಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಆದರೆ ಅವರ ಅನುಮಾನ ಇನ್ನೂ ಮುಗಿದಿರಲಿಲ್ಲ.

"ಸ್ವಲ್ಪ ಕಾಲೆತ್ತಿ," ಎಂದರು.

ನನ್ನ ಎಡಗಾಲಿನ ಶೂ ಅಡಿಯಲ್ಲಿ ಹೆಬ್ಬೆರಳಗಲದ ಹಳದಿ ಟೇಪು! ಬಗಲಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಅಷ್ಟರಲ್ಲಿ ಬಂದ ಇಂಜಿನಿಯರ್ ಬಿದ್ದು ಬಿದ್ದು ನಕ್ಕು ಪೆನ್ನು ಚಾಚಿದರು. ಟೇಪಕ್ಕ ನಗಲೂ ಇಲ್ಲ, ಪೆನ್ನು ಮುಟ್ಟಲೂ ಇಲ್ಲ.

"ಇದು ಈ ಬುರುಡೇದೇ ಅಂತ ಏನು ಗ್ಯಾರಂಟಿ? ಹಳೇದೂ ಇರಬಹುದು."

ಟೇಪನ್ನು ಉಗುರಲ್ಲಿ ಗೀರಿ ನೋಡಿದರು, ಬಣ್ಣ ಇನ್ನೂ ಮೆತ್ತಗಿತ್ತು, ಹೊಸದೇ. ಅದೂ ಸಾಲದೆ ಏಣಿ ಹತ್ತಿ, ಹದಿನಾಲ್ಕು ತೂತಿಗೂ ನಾಲ್ಕನೇ ಸಲ ಬೆರಳಿಟ್ಟು ಬಂದರು. ಸಹಿ ಬಿದ್ದಾಗ ಎಂಟೂ ಇಪ್ಪತ್ತು. ಹಡಗು ಕಾದಿತ್ತು.

ಹೊರಡುವ ಮುನ್ನ, ಭಾನುವಾರದ ಪತ್ರಿಕೆಗೆ ಹಳೆಯ ಟೇಪಿನ ವಿಷಯ ಬಿಟ್ಟು ಬರೆಯಲೇ ಎಂದು ಕೇಳಿದೆ. ಇಂಜಿನಿಯರ್ ಓದಿದರೆ ಕೆಲಸಕ್ಕೆ ಕುತ್ತು.

"ಬಿಡಬೇಡಿ. ಅದನ್ನೇ ಬರೀರಿ. ಕೆಲಸದ ಪಾಡು ಆಮೇಲೆ ನೋಡ್ಕೊಳ್ಳೋಣ. ನನ್ನ ಹೆಸರು ಬೇಡ, ಟೇಪಕ್ಕ ಅಂತ ಹಾಕಿ ಸಾಕು, ಅಣ್ಣನಿಗೆ ಗೊತ್ತಾಗುತ್ತೆ. ಪ್ರತಿ ಭಾನುವಾರ ಪೇಪರ್ ಒಂದಕ್ಷರ ಬಿಡದೆ ಓದಿ, ಮಧ್ಯಾಹ್ನ ನಮ್ಮನೆಗೆ ಊಟಕ್ಕೆ ಬರ್ತಾನೆ," ಎಂದು ಕೈಗಂಟಿದ ಬಣ್ಣ ಒರೆಸಿಕೊಂಡರು. "ಈ ಭಾನುವಾರವೂ ಅವನ ತಟ್ಟೆ ಇಟ್ಟಿರ್ತೀನಿ. ಬಂದ್ರೆ ಸಾಕು."