ಕರುವಿನ ಜಾಗದಲ್ಲಿ ನಿಂತ ಮೋಟರ್ ಸೈಕಲ್

ಆ ಕಾಲಕ್ಕೆ ನಮ್ಮ ಊರಿನಲ್ಲಿ ಮೋಟರ್ ಸೈಕಲ್ ಸದ್ದು ಕೇಳಿದರೆ ದನದ ಡಾಕ್ಟರು ಬಂದರು ಅಂತಲೇ ಅರ್ಥ. ಹಾಗಾಗಿ ಒಂದು ಸಂಜೆ ಸುಗಟೂರಿನ ರಸ್ತೆ ಕಡೆಯಿಂದ ಆ ಸದ್ದು ಬಂದು ನಮ್ಮ ಮನೆ ಮುಂದೆಯೇ ನಿಂತಾಗ, ನಮ್ಮ ಹಸುವಿಗೆ ಏನಾಯಿತಪ್ಪ ಅಂತ ನಾನು ಹಿಪ್ಪುನೇರಳೆ ಸೊಪ್ಪು ಬಿಡಿಸುವುದನ್ನು ಬಿಟ್ಟು ಎದ್ದೆ. ಬಾಗಿಲ ಸಂದಿನಿಂದ ನೋಡಿದರೆ ಗಾಡಿಯ ಮೇಲೆ ಕೂತಿದ್ದವರು ನಿಮ್ಮ ತಾತ. ಮಕ್ಕಳೇ, ನೀವು ಕಂಡ ತಾತ ಅಲ್ಲ, ತಲೆ ತುಂಬ ಕಪ್ಪು ಕೂದಲಿದ್ದ ತಾತ. ಆ ಕೂದಲು, ಹುಬ್ಬು, ಮೀಸೆ ಎಲ್ಲ ಮಾಲೂರಿನಿಂದ ಬಂದ ದಾರಿಯ ಧೂಳಿನಲ್ಲಿ ಕೆಂಪಾಗಿದ್ದವು. ಇಳಿಯುವುದಕ್ಕೆ ಮನಸ್ಸಿಲ್ಲದವರ ಹಾಗೆ ಅದರ ಮೇಲೆಯೇ ಕೂತು ನಗುತ್ತಿದ್ದರು.

ಗಾಡಿ ಹೊಸದಲ್ಲ. ಮಾಲೂರಿನ ಹೆಂಚಿನ ಕಾರ್ಖಾನೆಯ ಮೇಸ್ತ್ರಿಯೊಬ್ಬರು ಬಹಳ ವರ್ಷ ಓಡಿಸಿ ಮಾರಿದ್ದು. ಅಲ್ಲಿಯವರೆಗೆ ನಿಮ್ಮ ತಾತ ಬೆಳಿಗ್ಗೆ ಹಾಲಿನ ಕ್ಯಾನು, ಆಮೇಲೆ ಟೊಮೇಟೊ ಬುಟ್ಟಿ ಸೈಕಲ್ಲಿಗೆ ಕಟ್ಟಿಕೊಂಡು ಕೋಲಾರಕ್ಕೆ ತುಳಿಯುತ್ತಿದ್ದರು. ಏರು ಬಂದಲ್ಲಿ ಇಳಿದು ತಳ್ಳುತ್ತಿದ್ದರು. ಮನೆಗೆ ಬಂದು ಮಂಡಿಗೆ ಹರಳೆಣ್ಣೆ ತಿಕ್ಕಿಕೊಳ್ಳುವಾಗ ಯಾರಿಗೂ ಕಾಣದ ಹಾಗೆ ಹಿತ್ತಲಿನಲ್ಲಿ ಕೂರುತ್ತಿದ್ದರು. ಇನ್ನು ಆ ಕಷ್ಟ ಇಲ್ಲ, ಇದು ಟಾರು ರಸ್ತೆಗೂ ಆಗುತ್ತದೆ, ಹೊಲದ ದಾರಿಗೂ ಆಗುತ್ತದೆ, ಹಾಲೂ ಹೊರುತ್ತದೆ, ಸೊಪ್ಪೂ ಹೊರುತ್ತದೆ, ಬೇಕಾದರೆ ಅಮ್ಮನನ್ನು ಕೋಲಾರದ ಕಣ್ಣಾಸ್ಪತ್ರೆಗೂ ಕರೆದುಕೊಂಡು ಹೋಗುತ್ತದೆ ಅಂತ ಅವರು ಒಂದೇ ಉಸಿರಿನಲ್ಲಿ ಹೇಳಿದರು.

ನನಗೆ ಕಂಡದ್ದು ಇಷ್ಟು. ಪೆಟ್ರೋಲ್ ಟ್ಯಾಂಕಿಗೆ ಯಾರೋ ಕುಂಚದಲ್ಲಿ ಕಪ್ಪು ಬಣ್ಣ ಹಚ್ಚಿದ್ದರು, ಕುಂಚದ ಗೆರೆಗಳು ಹಾಗೇ ಇದ್ದವು. ಸೀಟು ಹರಿದ ಕಡೆ ಕೆಂಪು ರೆಕ್ಸಿನ್ ಹೊಲಿದಿದ್ದರು. ಒಂದು ಕಡೆ ಕನ್ನಡಿ, ಇನ್ನೊಂದು ಕಡೆ ಬರೀ ಕಡ್ಡಿ. ಹಿಂದೆ ಎರಡೂ ಪಕ್ಕ ಕಬ್ಬಿಣದ ಕೊಕ್ಕೆ. ಸದ್ದು ನಿಂತ ಮೇಲೂ ಅದರ ಹೊಟ್ಟೆಯೊಳಗೆ ಟಿಕ್ ಟಿಕ್ ಅನ್ನುತ್ತಿತ್ತು, ಕಾವು ನನ್ನ ಕಾಲಿನವರೆಗೂ ಬರುತ್ತಿತ್ತು. ದೂರದಿಂದ ನಡೆದು ಬಂದು ಸುಸ್ತಾದ ಪ್ರಾಣಿಯ ಹಾಗೆ ಕಂಡಿತು. ಒಂದು ಬಕೀಟು ನೀರು ತಂದಿಡಬೇಕು ಅನ್ನಿಸಿತು, ನಿಜವಾಗಿಯೂ.

ನನ್ನ ಮಾವ, ಅಂದರೆ ನಿಮ್ಮ ತಾತನ ಅಪ್ಪ, ಎತ್ತು ಆರಿಸುವುದರಲ್ಲಿ ಹೆಸರಾದವರು. ಮುಳಬಾಗಿಲು ಕಡೆಯ ಸಂತೆಗಳಿಗೆ ಜನ ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಅವರು ಗಾಡಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಟಯರು ಹಿಚುಕಿದರು, ಬಗ್ಗಿ ಹೊಟ್ಟೆಯ ಕೆಳಗೆ ನೋಡಿದರು, ಸೀಟಿನ ಮೇಲೆ ಕೈ ಊರಿ ಒತ್ತಿದರು.

"ಮಾರ್ದೋನು ಯಾಕ್ ಮಾರ್ದ?" ಅಂತ ಕೇಳಿದರು.

"ಕಣ್ಣು ಮಂಜಾಗೈತಂತಪ್ಪ."

"ಅವನಿಗಾ, ಇದಕ್ಕಾ?"

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಿಮ್ಮ ತಾತ ದೀಪ ಹಾಕಿ ತೋರಿಸಿದರು. ಎದುರು ಮನೆಯ ಗೋಡೆ ಹಳದಿಯಾಯಿತು. ಮಾವ ತಲೆಯಾಡಿಸಿದರು, ಎತ್ತು ಒಪ್ಪಿಗೆಯಾದಾಗ ಆಡಿಸುವ ಹಾಗೆ.

ಒಪ್ಪಿಗೆಯಾಯಿತಲ್ಲ, ಮುಂದಿನದೂ ಎತ್ತಿಗೆ ಮಾಡುವ ಹಾಗೆಯೇ ನಡೆಯಿತು. ನಮ್ಮ ಮನೆಯಲ್ಲಿ ಹೊಸ ದನ ಬಂದರೆ ತಲೆಬಾಗಿಲಿನಲ್ಲಿ ಆರತಿ ಎತ್ತಿ ಒಳಗೆ ತರುವುದು ಪದ್ಧತಿ. ಮೂರು ದಿನ ಸೂರಿನ ಕೆಳಗೇ ಕಟ್ಟಬೇಕು, ಇಲ್ಲದಿದ್ದರೆ ಅದು ಹಳೆಯ ಯಜಮಾನನ ಮನೆ ದಾರಿ ಹಿಡಿಯುತ್ತದೆ ಅನ್ನುತ್ತಿದ್ದರು ಮಾವ. ನಾನು ಆರತಿ ತಟ್ಟೆ ತಂದೆ. ಅತ್ತೆ ಗಾಡಿಯ ದೀಪದ ಗಾಜಿಗೆ ಕುಂಕುಮ ಇಟ್ಟರು. ಬಲಗಾಲು ಮುಂದಿಟ್ಟು ಬರಬೇಕಲ್ಲ, ಇದಕ್ಕೆ ಬಲಗಾಲು ಯಾವುದು ಅಂತ ಅವರಿಗೆ ಅನುಮಾನ ಬಂತು. ಮಾವ ಸ್ವಲ್ಪ ಯೋಚಿಸಿ, ಮುಂದಿನ ಚಕ್ರವೇ ಬಲಗಾಲು ಅಂತ ತೀರ್ಮಾನ ಕೊಟ್ಟರು. ಹೊಸ್ತಿಲಿಗೆ ಹಲಗೆ ಹಾಕಿ ನಿಮ್ಮ ತಾತ ಗಾಡಿಯನ್ನು ಒಳಗೆ ತಳ್ಳಿದರು.

ನಮ್ಮ ಮನೆಯ ತಲೆಬಾಗಿಲು ದಾಟಿದರೆ ಎಡಗಡೆ ತಗ್ಗಿನಲ್ಲಿ ಕರು ಕಟ್ಟುವ ಜಾಗ, ಬಲಗಡೆ ಹಜಾರ. ನಡುವೆ ಗೋಡೆ ಇಲ್ಲ, ಕಂಬ ಮಾತ್ರ. ಕರುವನ್ನು ಹಿತ್ತಲಿನ ಕೊಟ್ಟಿಗೆಗೆ ಹೊಡೆದು ಆ ಜಾಗದಲ್ಲಿ ಮೋಟರ್ ಸೈಕಲ್ ನಿಲ್ಲಿಸಿದರು. ಹಜಾರದ ತುಂಬ ಇದ್ದದ್ದು ಬಿದಿರಿನ ತಟ್ಟೆಗಳಲ್ಲಿ ರೇಷ್ಮೆ ಹುಳು.

ಆ ಬೆಳೆ ನನ್ನದು. ಅದಕ್ಕೆ ಮುಂಚೆ ಹುಳುವಿನ ಕೆಲಸವೆಲ್ಲ ಅತ್ತೆಯದು, ನಾನು ಸೊಪ್ಪು ತರುವವಳು, ಕಸ ಎತ್ತುವವಳು. ನನ್ನ ತವರು ಶ್ರೀನಿವಾಸಪುರದ ಆಚೆ ಯಲ್ದೂರು ಕಡೆ, ಅಲ್ಲಿ ಮಾವಿನ ತೋಪು ಬಿಟ್ಟರೆ ಬೇರೆ ಗೊತ್ತಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಹುಳು ಮುಟ್ಟಲು ಹೆದರಿ ಊರವರ ಬಾಯಿಗೆ ಬಿದ್ದಿದ್ದೆ. ಈಗ ಅತ್ತೆಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಈ ಸಲ ನೀನೇ ನೋಡಿಕೋ, ನಿನ್ನ ಕೈಗುಣ ಹೇಗಿದೆ ನೋಡೋಣ ಅಂತ ಮೊಟ್ಟೆಯಿಂದಲೇ ನನಗೆ ಬಿಟ್ಟಿದ್ದರು. ಕೈಗುಣ ಅನ್ನುವುದು ನಮ್ಮ ಕಡೆ ದೊಡ್ಡ ಮಾತು. ಒಂದು ಸಲ ಹುಳು ಕೆಟ್ಟರೆ ಆ ಹೆಣ್ಣಿನ ಕೈಗೆ ಮತ್ತೆ ತಟ್ಟೆ ಕೊಡುವುದು ಕಷ್ಟ.

ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತವೆ, ಅದಕ್ಕೆ ಜ್ವರ ಅನ್ನುತ್ತೇವೆ. ನನ್ನ ಹುಳು ನಾಲ್ಕನೆಯ ಜ್ವರ ಮುಗಿಸಿ ಎದ್ದು, ಬೆರಳಿನಷ್ಟು ದಪ್ಪವಾಗಿ, ಹಾಕಿದ ಸೊಪ್ಪೆಲ್ಲ ಕಡ್ಡಿ ಉಳಿಸಿ ತಿನ್ನುತ್ತಿದ್ದವು. ಇನ್ನು ಕೆಲವೇ ದಿನದಲ್ಲಿ ಗೂಡು ಕಟ್ಟಬೇಕು. ಆ ಸಮಯದಲ್ಲಿ ಮನೆಯಲ್ಲಿ ಯಾವ ವಾಸನೆಯೂ ಆಗಬಾರದು. ಮಾವ ಬೀಡಿಯನ್ನು ಬಾವಿಕಟ್ಟೆಯ ಹತ್ತಿರ ಸೇದಿ ಬಾಯಿ ತೊಳೆದು ಬರುತ್ತಿದ್ದರು. ಅಡುಗೆಗೆ ಮೆಣಸಿನಕಾಯಿ ಒಗ್ಗರಣೆ ಇಲ್ಲ, ದೇವರಿಗೆ ಊದಿನಕಡ್ಡಿ ಇಲ್ಲ, ನಾನು ಹೂವು ಮುಡಿಯುತ್ತಿರಲಿಲ್ಲ. ಇಷ್ಟೆಲ್ಲ ಕಟ್ಟುನಿಟ್ಟು ಮಾಡುವ ನಮಗೆ ಪೆಟ್ರೋಲ್ ನೆನಪಿಗೇ ಬರಲಿಲ್ಲ. ಎಲ್ಲರ ಮನಸ್ಸಿನಲ್ಲಿ ಅದು ದನವಾಗಿಬಿಟ್ಟಿತ್ತು. ಸಗಣಿ, ಗಂಜಲದ ವಾಸನೆಗೆ ಹುಳು ಎಂದೂ ಬೇಸರಪಟ್ಟದ್ದಿಲ್ಲ. ಚಳಿಗಾಲ ಬೇರೆ, ಹುಳುವಿಗೆ ಥಂಡಿ ಆಗಬಾರದು ಅಂತ ಕಿಟಕಿ ಬಾಗಿಲು ಭದ್ರ ಮಾಡಿ ಮಲಗಿದೆವು.

ಬೆಳಕು ಹರಿಯುವ ಹೊತ್ತಿಗೆ ಸೊಪ್ಪಿನ ಬುಟ್ಟಿ ತಂದು ಹಜಾರಕ್ಕೆ ಬಂದೆ. ನಿಮ್ಮ ತಾತ ಆಗಲೇ ಹೊಲಕ್ಕೆ ಹೋಗಿದ್ದರು, ಕರೆಂಟು ಇರುವಾಗಲೇ ನೀರು ಹಾಯಿಸಬೇಕಿತ್ತು. ಹಜಾರದಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸಿತು. ಆಮೇಲೆ ಹೊಳೆಯಿತು, ಸದ್ದೇ ಇಲ್ಲ. ಅಷ್ಟು ಹುಳು ಒಟ್ಟಿಗೆ ಸೊಪ್ಪು ತಿನ್ನುವಾಗ ಸರಸರ ಸದ್ದು ಮನೆ ತುಂಬ ಇರುತ್ತದೆ. ತಟ್ಟೆ ಎಳೆದು ನೋಡಿದೆ. ಹಿಂದಿನ ಸಂಜೆ ಹಾಕಿದ ಸೊಪ್ಪು ಹಾಗೇ ಬಾಡಿತ್ತು. ಹುಳುಗಳು ತಲೆ ಎತ್ತಿ ನಿಂತಿದ್ದವು. ಕಂಬದ ಪಕ್ಕದ ತಟ್ಟೆಗಳಲ್ಲಿ ಎಲ್ಲವೂ ಕಂಬಕ್ಕೆ ದೂರದ ಅಂಚಿಗೆ ಹರಿದು ಗುಂಪಾಗಿದ್ದವು, ಕೆಲವು ಬಾಯಿಂದ ಹಸಿರು ನೀರು ಕಾರಿದ್ದವು. ಆಗ ವಾಸನೆ ತಿಳಿಯಿತು. ಮೋಟರ್ ಸೈಕಲ್ ಕೆಳಗೆ ಮಣ್ಣಿನ ನೆಲದ ಮೇಲೆ ಅಂಗೈಯಗಲದ ಒದ್ದೆ. ಟ್ಯಾಂಕಿನ ಅಡಿಯಿಂದ ಇನ್ನೊಂದು ಹನಿ ಬಿತ್ತು.

ಹಿತ್ತಲಿಗೆ ಓಡಿ ಹಾಲು ಕರೆಯುತ್ತಿದ್ದ ಅತ್ತೆಗೆ ಹೇಳಿದೆ. ಅವರು ಗಾಬರಿಯಾದರು, ಆದರೆ ಮೂರು ದಿನ ಒಳಗಿರಲಿ ಅಂತ ನಿಮ್ಮ ಮಾವ ಹೇಳವ್ರೆ, ನಾನು ಹೇಗೆ ಆಚೆ ಹಾಕಿಸಲಿ, ಅವರನ್ನೇ ಕೇಳಬೇಕು ಅಂದರು. ಕೇಳುವುದು ಹೇಗೆ? ನಾನು ಮಾವನ ಜೊತೆ ನೇರವಾಗಿ ಮಾತಾಡಿದವಳೇ ಅಲ್ಲ. ಆಗ ಸೊಸೆಯರು ಮಾವನ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಹೇಳಲೇಬೇಕಾದ್ದು ಇದ್ದರೆ ಹತ್ತಿರ ಇರುವ ಮಗುವಿಗೋ ಕರುವಿಗೋ ಹೇಳಿದ ಹಾಗೆ ಹೇಳುವುದು. ಕಾಫಿ ಆರುತ್ತಿದೆ ಅಂತಲೋ ಯಾರೋ ಬಂದಿದ್ದಾರೆ ಅಂತಲೋ ನಾನು ಕರುವಿಗೆ ಹೇಳುತ್ತಿದ್ದೆ, ಮಾವ ಕೇಳಿಸಿಕೊಂಡು ಏಳುತ್ತಿದ್ದರು. ಅವತ್ತು ಕರು ಹಿತ್ತಲಿನಲ್ಲಿತ್ತು. ಅದರ ಜಾಗದಲ್ಲಿ ಇದು ನಿಂತಿತ್ತು.

ಮಾವ ಬಾವಿಕಟ್ಟೆಯಿಂದ ಬಂದು ಜಗಲಿಯ ಮೇಲೆ ಕೂತಿದ್ದರು. ಮನೆಗೆ ಬಂದ ಮೊದಲ ಬೆಳಿಗ್ಗೆಯೇ ಅದನ್ನು ಆಚೆ ಹಾಕು ಅನ್ನುವುದು ಅಪಶಕುನ. ನಿಮ್ಮ ತಾತನ ಧೂಳು ಮುಖದ ನಗುವೂ ಕಣ್ಣ ಮುಂದೆ ಬಂತು. ಆದರೂ ಹುಳು ತಲೆ ಎತ್ತಿ ನಿಂತದ್ದನ್ನು ನೋಡಿ ಸುಮ್ಮನಿರಲು ಆಗಲಿಲ್ಲ. ಮೋಟರ್ ಸೈಕಲ್ ಮುಂದೆ ಹೋಗಿ ತಲೆ ತಗ್ಗಿಸಿ ನಿಂತೆ.

"ನಿನ್ ಮೇಲೆ ನಂಗೆ ಕೋಪ ಇಲ್ಲಪ್ಪ," ಅಂದೆ. "ನಿನ್ನ ವಾಸ್ನೆಗೆ ಹುಳ ಸೊಪ್ಪು ಮುಟ್ತಾ ಇಲ್ಲ. ಗೂಡು ಕಟ್ಟೋಗಂಟ ಆಚೆ ಇರು. ಆಮೇಲೆ ನಾನೇ ಒಳಕ್ಕೆ ಕರೀತೀನಿ."

ಮಾವ ಜಗಲಿಯಿಂದ ಎದ್ದು ಬಂದರು. ನಾನು ಕಂಬದ ಮರೆಗೆ ಸರಿದೆ. ಅವರು ಬಗ್ಗಿ ನೆಲದ ಒದ್ದೆಯನ್ನು ಬೆರಳಲ್ಲಿ ಮುಟ್ಟಿ ಮೂಸಿದರು, ಹಜಾರಕ್ಕೆ ಹೋಗಿ ಒಂದೊಂದೇ ತಟ್ಟೆ ನೋಡಿದರು. ವಾಪಸು ಬಂದು ಗಾಡಿಯ ಮುಂದೆ ನಿಂತು, ಅದಕ್ಕೇ ಹೇಳಿದರು.

"ಲೇ, ರಾತ್ರೀನೇ ಹೇಳ್ಬಾರ್ದಾಗಿತ್ತೇನ್ಲಾ? ನಡಿ ಆಚೆಗೆ."

ನಡೆಯಲಿಲ್ಲ. ಉರುಳದೆ ಇರಲಿ ಅಂತ ನಿಮ್ಮ ತಾತ ಗೇರಿಗೆ ಹಾಕಿ ಹೋಗಿದ್ದರಂತೆ, ನಮಗೆ ಅದೆಲ್ಲ ಏನು ಗೊತ್ತು? ಮಾವ ಮುಂದಿನಿಂದ ಕೊಂಬು ಹಿಡಿದ ಹಾಗೆ ಹಿಡಿದು ಎಳೆದರು, ಚಕ್ರ ಅಲುಗಲಿಲ್ಲ. ಹೋ ಹೋ ಅಂತ ನಾಲಿಗೆಯಲ್ಲಿ ಸದ್ದು ಮಾಡಿದರು. ಅತ್ತೆ ಬಂದು ಸೀಟು ಹಿಡಿದರು. ಕೊನೆಗೆ ನಾನೂ ಸೆರಗು ಸಿಕ್ಕಿಸಿಕೊಂಡು ಹಿಂದಿನ ಕೊಕ್ಕೆಗೆ ಕೈ ಹಾಕಿದೆ. ಮೂವರೂ ಸೇರಿ ಹಿಂದಿನ ಚಕ್ರವನ್ನು ನೆಲಕ್ಕೆ ಗೀರಿಸುತ್ತ ಹೊಸ್ತಿಲು ದಾಟಿಸಿದೆವು.

"ಮೊಂಡು ಜಾತಿ ಇದು," ಅಂದರು ಮಾವ ಉಸಿರು ಬಿಡುತ್ತ.

"ತಂದೋನ ಹಂಗೇ," ಅಂದರು ಅತ್ತೆ.

ನಿಮ್ಮ ತಾತ ಹೊಲದಿಂದ ಬಂದಾಗ ಗಾಡಿ ಅಂಗಳದ ಹುಣಸೆ ಮರಕ್ಕೆ ಒರಗಿತ್ತು. ಅವರ ಮುಖ ನೋಡಲಾಗಲಿಲ್ಲ. ಅಪ್ಪನಿಗೆ ಇಷ್ಟವಾಗಲಿಲ್ಲ, ರಾತ್ರಿ ಕಳೆಯುವುದರೊಳಗೆ ಆಚೆ ಹಾಕಿದರು ಅಂತ ತಿಳಿದರು ಪಾಪ. ಏನೂ ಕೇಳದೆ ಮೂಲೆಯಲ್ಲಿದ್ದ ಹಳೆಯ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟತೊಡಗಿದರು. ನಾನು ಅವರನ್ನು ಹಜಾರಕ್ಕೆ ಕರೆದು ತಟ್ಟೆ ತೋರಿಸಿದೆ. ನೋಡಿದವರೇ ಕ್ಯಾನು ಬಿಚ್ಚಿಟ್ಟು, ಅಂಗಿ ಕಳಚಿ, ನನ್ನ ಜೊತೆ ಕಸ ತೆಗೆಯಲು ಕೂತರು. ಎಂದೂ ಹುಳು ಮುಟ್ಟಿದವರಲ್ಲ. ಕಿಟಕಿ ಬಾಗಿಲೆಲ್ಲ ತೆರೆದೆವು. ಪೆಟ್ರೋಲ್ ಬಿದ್ದ ಮಣ್ಣನ್ನು ಮಾವ ಹಾರೆಯಲ್ಲಿ ಕೆತ್ತಿ ಆಚೆ ಸುರಿದು ಆ ಜಾಗಕ್ಕೆ ಸಗಣಿ ಸಾರಿಸಿದರು. ಹುಳುವನ್ನೆಲ್ಲ ಹೊಸ ಹಾಸಿಗೆಗೆ ಬದಲಾಯಿಸಿ, ಸುಣ್ಣದ ಪುಡಿ ಉದುರಿಸಿ, ಹಸಿ ಸೊಪ್ಪು ಹಾಸಿ ಕಾದೆವು. ಹಾಲಿಗೆ ಅವತ್ತು ಬಹಳ ತಡವಾಯಿತು.

ಇಳಿಹೊತ್ತಿಗೆ ಮೇಲಿನ ತಟ್ಟೆಯಿಂದ ಸಣ್ಣಗೆ ಸರಸರ ಶುರುವಾಯಿತು. ಅತ್ತೆ ಕಣ್ಣು ಸರಿಯಾಗಿ ಕಾಣದಿದ್ದರೂ ಕಿವಿಗೊಟ್ಟು ಕೂತಿದ್ದರು. ಯಾವ ತಟ್ಟೆ ತಿನ್ನುತ್ತಿದೆ, ಯಾವುದು ಇಲ್ಲ ಅಂತ ಅವರೇ ಬೆರಳು ತೋರಿಸಿದರು. ಕಂಬದ ಪಕ್ಕದ ಎರಡು ತಟ್ಟೆಯ ಹುಳು ಚೇತರಿಸಿಕೊಳ್ಳಲಿಲ್ಲ. ಅವನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚುವಾಗ ಅಳು ಬಂತು. ಹೋದದ್ದು ಎರಡೇ ತಟ್ಟೆ, ಆದರೆ ಕೇರಿಯವರಿಗೆ ಅಷ್ಟು ಸಾಕು. ಆ ದಿನ ಮೋಟರ್ ಸೈಕಲ್ ನೋಡಲು ಬಂದ ಹೆಂಗಸರೆಲ್ಲ ಹಜಾರಕ್ಕೂ ಇಣುಕಿ ಹೋಗುತ್ತಿದ್ದರು. ಒಬ್ಬಾಕೆ ಹೊಸಬರ ಕೈ ಅಂದರೆ ಹೀಗೇ ಅಂತ ಶುರುಮಾಡಿದಳು.

ಅತ್ತೆ ಮಾತು ಮುಗಿಸಲು ಬಿಡಲಿಲ್ಲ. "ಎರಡು ತಟ್ಟೆ ಕೆಡಿಸಿದ್ದು ಬಂಡಿ ಕಣೇ," ಅಂದರು. "ಮಿಕ್ಕಿದ್ದನ್ನ ಉಳಿಸಿದ್ದು ನನ್ನ ಸೊಸೆ."

ಮಿಕ್ಕ ಹುಳುಗಳು ಮೈ ಹಳದಿಗೆ ತಿರುಗಿ ಹಣ್ಣಾಗಿ, ಚಂದ್ರಿಕೆ ಅನ್ನುವ ಬಿದಿರಿನ ಚಾಪೆಗಳಿಗೆ ಏರಿ, ಗೂಡು ಕಟ್ಟಿದವು. ಅತ್ತೆ ಒಂದು ಗೂಡು ಬಿಡಿಸಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಹುಳು ಗಟ್ಟಿಯಾಗಿ ಕಟಕಟ ಅಂದಿತು, ಹಾಗಂದರೆ ಗೂಡು ಚೆನ್ನಾಗಿ ಬಂದಿದೆ ಅಂತ. ಅದನ್ನು ನನ್ನ ಕಿವಿಗೂ ಹಿಡಿದರು.

ಗೂಡು ಮಾರಲು ಕೋಲಾರದ ಮಾರುಕಟ್ಟೆಗೆ ಹೋಗುವುದು ಗಂಡಸರ ಕೆಲಸ. ದೊಡ್ಡ ಮೂಟೆಗಳು ಮೊದಲ ಬಸ್ಸಿನ ಮೇಲೆ ಹೋಗುವುದು, ಜೊತೆಗೆ ಮಾವ. ಕೊನೆಯ ಚೀಲವನ್ನು ನಿಮ್ಮ ತಾತ ಮೋಟರ್ ಸೈಕಲ್ಲಿನಲ್ಲಿ ತರುವುದು ಅಂತ ಮಾತಾಗಿತ್ತು. ಅಷ್ಟು ಹೊತ್ತಿಗೆ ಅವರು ಪೆಟ್ರೋಲ್ ಸೋರುವುದನ್ನು ರಿಪೇರಿ ಮಾಡಿಸಿದ್ದರು. ಆದರೂ ಗೂಡಿಗೆ ವಾಸನೆ ತಾಗೀತು ಅಂತ ಚೀಲಕ್ಕೆ ಒಗೆದು ಒಣಗಿಸಿದ ಗೋಣಿ ಸುತ್ತಿದ್ದರು. ಬಸ್ಸಿಗೆ ಹೊರಟ ಮಾವ ಅಂಗಳದಲ್ಲಿ ಗಾಡಿಯ ಹತ್ತಿರ ನಿಂತರು. ಮತ್ತೆ ಅದಕ್ಕೇ ಏನೋ ಹೇಳುತ್ತಾರೆ ಅಂದುಕೊಂಡು ನಾನು ಬಾಗಿಲ ಹಿಂದೆ ಸರಿದೆ. ಅವರು ಬಾಗಿಲ ಕಡೆಗೇ ತಿರುಗಿದರು.

"ನೀನೂ ಹೋಗ್ಬಾಮ್ಮ," ಅಂದರು. "ಸಾಕ್ದೋಳು ನೀನು. ಕೊಳ್ಳೋರು ಏನಂತಾರೋ ನಿನ್ನ ಕಿವಿಗೇ ಬೀಳ್ಲಿ."

ಸುತ್ತ ಕರುವೂ ಇರಲಿಲ್ಲ, ಮಗುವೂ ಇರಲಿಲ್ಲ. "ಆಗ್ಲಿ ಮಾವ," ಅಂದೆ. ಸೀರೆ ಬದಲಾಯಿಸಿ ಬರುವಷ್ಟರಲ್ಲಿ ನಿಮ್ಮ ತಾತ ಕೆಂಪು ರೆಕ್ಸಿನ್ ಹೊಲಿದ ಸೀಟನ್ನು ಒರೆಸಿ, ಗಾಡಿಯನ್ನು ಸ್ಟಾರ್ಟ್ ಮಾಡಿ, ನಾನು ಹತ್ತಲು ಅನುಕೂಲವಾಗಲಿ ಅಂತ ಒಂದು ಕಡೆಗೆ ವಾಲಿಸಿಕೊಂಡು ನಿಂತಿದ್ದರು.