ಆತೂಂ ಎಂದ ಮನ್ಸೂರಅಲಿ

ಶಹಾಪುರದ ಹೊರಗೆ, ಕಾಲುವೆ ಕಾಲೊನಿಯ ವರ್ಕ್‌ಶಾಪಿನಲ್ಲಿ ಮನ್ಸೂರಅಲಿಗೆ ಕೆಲಸ ಸಿಕ್ಕಿದ್ದು 1979ರಲ್ಲಿ. ಗುಲಬರ್ಗಾದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬಂದಿದ್ದ. ಮಣ್ಣು ಹೊರುವ ಡಂಪರು, ಸಾಹೇಬರ ಜೀಪು, ಪರದೇಶದಿಂದ ಬಂದ ದೊಡ್ಡ ಅಗೆಯುವ ಯಂತ್ರ, ಇವುಗಳ ವೈರಿನಿಂದ ಹಿಡಿದು ಅಂಗೈಯಗಲದ ಸರ್ಕೀಟು ಹಲಗೆಯವರೆಗೆ ಎಲ್ಲವೂ ಅವನ ಪಾಲು. ಡ್ರೈವರುಗಳು ಬಾಯ್ತುಂಬ ‘ಇಂಜಿನಿಯರ್ ಸಾಬ್ರ’ ಎನ್ನುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಮಾತ್ರ ಅವನು ದಿನಗೂಲಿ. “ಬರೋ ತಿಂಗಳ ಖಾಯಂ ಆಗ್ತದಪಾ” ಎಂದು ಸೇರಿದ ದಿನವೇ ಹೇಳಿದ್ದರು. ಆ ಬರೋ ತಿಂಗಳು ಯಾವ ಕ್ಯಾಲೆಂಡರಿನಲ್ಲಿತ್ತೋ, ಅಲ್ಲಾನಿಗೇ ಗೊತ್ತು!

ಖಾಯಂ ಆಗಬೇಕಾದರೆ ಸೇವೆಯಲ್ಲಿ ಒಂದು ದಿನವೂ ತುಂಡು ಬೀಳಬಾರದು. ಹೀಗಾಗಿ ಮನ್ಸೂರಅಲಿ ಜ್ವರ ಬಂದರೂ ಹಾಜರಿಗೆ ನಿಂತ. ಗುರುಮಠಕಲ್ಲಿನಲ್ಲಿ ಸ್ವಂತ ತಂಗಿಯ ನಿಕಾಹ್ ನಡೆದಾಗ ಊಟಕ್ಕೆ ಕೂಡ ಕೂರದೆ ವಾಪಸು ಬಸ್ಸು ಹತ್ತಿದ. ತಂಗಿ ಎರಡು ವರ್ಷ ಮಾತು ಬಿಟ್ಟಳು. ಬಿಡದೆ ಏನು ಮಾಡ್ಯಾಳು? ಕಾಲೊನಿಯ ಗೇಟು ದಾಟಿದರೆ ಹೆಸರು ಹೊಡೆದು ಹಾಕುತ್ತಾರೆಂಬ ಹೆದರಿಕೆ ಅವನ ಎಲುಬಿನಲ್ಲಿ ಇಳಿದಿತ್ತು.

ಅವನು ಗೇಟು ದಾಟುತ್ತಿದ್ದುದು ರೇಡಿಯೊದಲ್ಲಿ ಮಾತ್ರ. ಹವ್ಯಾಸಿ ರೇಡಿಯೊ ಎಂದರೆ ಹಾಡು ಕೇಳುವ ಡಬ್ಬಿಯಲ್ಲ. ಸರಕಾರದ ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು, ತಾನೇ ಕಟ್ಟಿದ ಯಂತ್ರದಿಂದ ದೂರದೂರದ ಇಂಥದೇ ಹುಚ್ಚರ ಜೊತೆ ಮಾತಾಡುವುದು. ಮನ್ಸೂರಅಲಿ ಗುಜರಿಗೆ ಹಾಕಿದ ಜೀಪುಗಳ ತಾಮ್ರ, ಹಳೆ ರೇಡಿಯೊಗಳ ವಾಲ್ವು ಸೇರಿಸಿ ಯಂತ್ರ ಕಟ್ಟಿದ. ಬೇವಿನ ಮರದಿಂದ ನೀರಿನ ಟಾಕಿಯವರೆಗೆ ತಂತಿ ಎಳೆದ. ಪ್ರತಿ ಭಾನುವಾರ ಬೆಳಿಗ್ಗೆ ಚಹಾ ಕುಡಿದು ಕೂತನೆಂದರೆ, ಅವನ ಹೆಂಡತಿ ಮದೀನಾಬೀ “ನನ್ನ ಸವತಿ ಮುಂದ ಕುಂತಾರ” ಎಂದು ಓಣಿಗೆಲ್ಲ ಕೇಳುವ ಹಾಗೆ ಸಾರುತ್ತಿದ್ದಳು.

ಆ ಭಾನುವಾರಗಳಲ್ಲಿ ಸಿಕ್ಕವರೇ ದಿಲ್ಲಿ ಪಕ್ಕದ ಫರೀದಾಬಾದಿನ ಬಾತ್ರಾ ಸಾಹೇಬರು. ವಾಹನಗಳ ಎಲೆಕ್ಟ್ರಾನಿಕ್ ಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ದೊಡ್ಡ ಇಂಜಿನಿಯರು. ಇಲ್ಲಿನ ಬಿಸಿಲಿಗೆ ಡಂಪರುಗಳ ಬ್ಯಾಟರಿ ಕುದಿಯದಂತೆ ಮನ್ಸೂರಅಲಿ ಮಾಡಿದ್ದ ಒಂದು ಸಣ್ಣ ಸರ್ಕೀಟಿನ ವಿವರ ಕೇಳಿ ಅವರು ಬೆರಗಾದರು. ಬರೆದುಕೊಂಡರು, ಮಾಡಿ ನೋಡಿದರು. 1988ರ ಬೇಸಿಗೆಯಲ್ಲಿ ಮನೆಗೆ ಕಾಗದ ಬಂತು: ‘ನನ್ನ ವಿಭಾಗದಲ್ಲಿ ಒಂದು ಜಾಗ ಖಾಲಿ ಇದೆ. ಆ ಕುರ್ಚಿ ನಿಮ್ಮದು. ಹೂಂ ಅನ್ನಿ ಸಾಕು.’

ಮನ್ಸೂರಅಲಿ ಆ ಕಾಗದವನ್ನು ಎಷ್ಟು ಸಲ ಓದಿದನೆಂದರೆ ಮಡಿಕೆಯಲ್ಲಿ ಅದು ಹರಿದೇ ಹೋಯಿತು. ಮದೀನಾಬೀ ಬಿಟ್ಟರೆ ಯಾರಿಗೂ ಹೇಳಲಿಲ್ಲ. ರೇಡಿಯೊದಲ್ಲಿ ನೌಕರಿ, ವ್ಯಾಪಾರದ ಮಾತಾಡುವುದು ಕಾನೂನಿಗೆ ವಿರುದ್ಧ. ಅದಕ್ಕೇ ಬಾತ್ರಾ ಮುಂದಿನ ಭಾನುವಾರ ಹಿಂದಿಯಲ್ಲಿ ಸುತ್ತಿ ಬಳಸಿ ಕೇಳಿದರು: “ಮತ್ತೆ, ನಮ್ಮ ಕಡೆಯ ಹವಾ ನೋಡೋಕೆ ಬರ್ತೀರೋ ಇಲ್ಲವೋ?”

ಅವನಿಗೆ ಒಂಬತ್ತು ವರ್ಷದ ಗೇಟು, ಹಾಜರಿ, ಬರೋ ತಿಂಗಳು ಎಲ್ಲ ಒಮ್ಮೆಲೆ ನೆನಪಾಯಿತು. “ಆತೂಂ, ಭಾಯಿಸಾಬ್, ಆತೂಂ” ಎಂದುಬಿಟ್ಟ. ಈ ಕಡೆಯ ಮನೆಮಾತಿನ ಉರ್ದುವಾದ ದಖನಿಯಲ್ಲಿ ‘ಆತೂಂ’ ಎಂದರೆ ಬರುತ್ತೇನೆ. ಹೌದು, ಬರುತ್ತೇನೆಂದೇ ಅಂದ. ಮನಸಾರೆ ಅಂದ. ಬಾಗಿಲಲ್ಲಿ ನಿಂತಿದ್ದ ಮದೀನಾಬೀ ಕೇಳಿಸಿಕೊಂಡಳು. ಒಳಗೆ ಹೋಗಿ ಟ್ರಂಕಿನ ಧೂಳು ಒರೆಸಿದಳು.

ತಿಂಗಳೊಪ್ಪತ್ತಿನಲ್ಲಿ ನೇಮಕದ ಪತ್ರ ಬಂತು. ಆದರೆ ಬಾತ್ರಾ ಅವರ ಕಾರ್ಖಾನೆಯ ಗುಮಾಸ್ತ ಅದನ್ನು ಮನೆಗೆ ಕಳಿಸದೆ ವರ್ಕ್‌ಶಾಪಿನ ವಿಳಾಸಕ್ಕೆ ಕಳಿಸಿದ್ದ! ಟಪಾಲು ಒಡೆಯುವ ಕ್ಲಾರ್ಕು ಸಾಬಣ್ಣ ಅದನ್ನು ನೆಟ್ಟಗೆ ವರ್ಕ್‌ಶಾಪಿನ ಸಾಹೇಬರ ಮೇಜಿನ ಮೇಲಿಟ್ಟ. ಸೇರಲು ಇನ್ನೂ ಹನ್ನೆರಡು ದಿನ ಇತ್ತು.

ಸಾಹೇಬರು ಕರೆಸಿದರು. ಸುತ್ತ ನಾಲ್ಕಾರು ಮಂದಿ ನಿಂತಿದ್ದರು.

“ಏನ್ ಮನ್ಸೂರ, ದಿಲ್ಲಿ ಕಡಿ ಹೊಂಟೀಯಂತಲ್ಲ? ಹೋಗಪಾ, ಯಾರು ಬ್ಯಾಡಂದಾರ? ಖಾಯಂ ಮಾಡೋ ಪಟ್ಟಿ ನಿನ್ನಿನೇ ತಯಾರಾಗ್ಯಾದ. ನಿಂದು ಐದನೇ ಹೆಸರು. ಸಾಬಣ್ಣ, ಆ ಹೆಸರು ಹೊಡಿಯೋ.”

ಸಾಬಣ್ಣ ಪೆನ್ನಿನ ಟೋಪಿ ತೆಗೆದ. ಮನ್ಸೂರಅಲಿ ಆ ಪೆನ್ನನ್ನೇ ನೋಡುತ್ತ ನಿಂತ. ‘ಹೊಡೀರಿ’ ಎನ್ನಬೇಕಿತ್ತು. ಅಷ್ಟೇ. ಮೂರಕ್ಷರ! ಆದರೆ ಬಾಯಿಂದ ಬಂದದ್ದು ಬೇರೆ.

“ಇಲ್ರಿ ಸಾಹೇಬ್ರ, ಆ ರೇಡಿಯೊದಂವ ತಪ್ಪು ತಿಳಕೊಂಡಾನ್ರಿ. ನಮ್ಮ ಕಡಿ ಹೋಗುವಾಗ ‘ಹೋಗ್ತೀನಿ’ ಅಂತಾರೇನ್ರಿ? ‘ಬರ್ತೀನ್ರಿ’ ಅಂತೀವಿ. ನಾನೂ ಮಾತು ಮುಗಿಸುವಾಗ ‘ಆತೂಂ’ ಅಂದಿನ್ರಿ. ಅಂವ ಉತ್ತರದ ಮನಷ್ಯಾ, ಖರೇನೇ ಬರ್ತಾನಂತ ತಿಳದಾನ.”

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಎಲ್ಲರೂ ನಕ್ಕರು. “ಹಂಗಾದ್ರ ನಾ ದಿನಾ ಸಂಜಿಗೆ ‘ಬರ್ತೀನ್ರಿ’ ಅಂತೀನಲ್ಲ, ರಾತ್ರಿ ಆಫೀಸಿಗೇ ಬರ್ಬೇಕೇನ?” ಎಂದ ಸಾಬಣ್ಣ. ಮನ್ಸೂರಅಲಿಯೂ ನಕ್ಕ. ಹೆಸರು ಉಳಿಯಿತು.

ಎಂಥ ಚಂದದ ಸುಳ್ಳು! ಬಾಯಿ ತಿರುಗಿಸುವಷ್ಟರಲ್ಲಿ ಹುಟ್ಟಿತು, ಊರೆಲ್ಲ ನಂಬಿತು. ಅದೇ ಸುಳ್ಳನ್ನು ಭಾನುವಾರ ಬಾತ್ರಾ ಅವರಿಗೂ ಹೇಳಿದ. ಅವರು ಆ ಕುರ್ಚಿಗಾಗಿ ಮೇಲಿನವರ ಜೊತೆ ಜಗಳಾಡಿ, ಕೆಲಸ ಕೇಳಿ ಬಂದ ಇಬ್ಬರನ್ನು ವಾಪಸು ಕಳಿಸಿದ್ದರಂತೆ. ಆದರೂ ತಾವೇ ನಕ್ಕು, “ತಪ್ಪು ನನ್ನ ಕಿವಿಯದು, ಭಾಯಿ” ಎಂದರು.

ಪಟ್ಟಿಗೆ ಸಹಿ ಬೀಳಲಿಲ್ಲ. ಸಾಹೇಬರಿಗೆ ವರ್ಗವಾಯಿತು. ಹೊಸ ಸಾಹೇಬರು ಹೊಸ ಪಟ್ಟಿ ಮಾಡಿದರು, ಅದಕ್ಕೂ ಬೀಳಲಿಲ್ಲ. ಕಾಲುವೆಗೆ ನೀರು ಬಂತು, ಜೋಳದ ಹೊಲಗಳಲ್ಲಿ ಭತ್ತ ಎದ್ದಿತು. ಅಗೆಯುವ ಕೆಲಸ ಮುಗಿದ ಮೇಲೆ 1996ರಲ್ಲಿ ವರ್ಕ್‌ಶಾಪಿಗೆ ಬೀಗ ಬಿತ್ತು. ಹದಿನೇಳು ವರ್ಷ ಒಂದು ದಿನವೂ ತುಂಡಾಗದ ಸೇವೆ ಒಂದು ಮಧ್ಯಾಹ್ನ ಮುಗಿದೇ ಹೋಯಿತು. ಮನ್ಸೂರಅಲಿ ಸುರಪುರದ ರಸ್ತೆಯಲ್ಲಿ ಒಂದು ತಗಡಿನ ಅಂಗಡಿ ಹಾಕಿದ. ಕಕ್ಕೇರಾ, ಕೊಡೇಕಲ್ ಕಡೆಯಿಂದ ಭತ್ತ ಕೊಯ್ಯುವ ಯಂತ್ರಗಳ ಕೆಟ್ಟ ಸರ್ಕೀಟು ಹಲಗೆಗಳನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದರು. ಕಂಪನಿಯವರು ಬಿಸಾಡಿ ಎಂದದ್ದನ್ನು ಅವನು ಭೂತಗನ್ನಡಿ ಹಿಡಿದು ಬದುಕಿಸುತ್ತಿದ್ದ. “ನೀವು ಇಲ್ಲಿರೋ ಮನಷ್ಯಾರಲ್ರಿ” ಎಂದು ಯಾರಾದರೂ ಹೊಗಳಿದರೆ ಅವನಿಗೆ ಸಿಟ್ಟು ಬರುತ್ತಿತ್ತು. ಕೆಲಸ ನಿಲ್ಲಿಸಿ ಹೊರಗೆ ಹೋಗಿ ಬೀಡಿ ಹಚ್ಚುತ್ತಿದ್ದ.

ಬಾತ್ರಾ ಮಾತ್ರ ಭಾನುವಾರ ತಪ್ಪಿಸಲಿಲ್ಲ. ಖಾಯಂ ಆಗಲಿಲ್ಲ ಎಂದು ತಿಳಿದ ದಿನದಿಂದ ಅವರಿಗೊಂದು ಕೊರಗು ಹತ್ತಿತು. “ಅವತ್ತು ನಾನು ಇನ್ನೊಮ್ಮೆ ಬಿಡಿಸಿ ಕೇಳಬೇಕಿತ್ತು. ಹೂಂ ಅಂದುಬಿಟ್ಟಿರಿ ಅಂತ ತಿಳಿದು ಸುಮ್ಮನಾದೆ. ಒತ್ತಾಯ ಮಾಡಿದ್ದರೆ ನೀವು ಬರುತ್ತಿದ್ದಿರೇನೋ” ಎನ್ನುತ್ತಿದ್ದರು. ವರ್ಷಕ್ಕೊಮ್ಮೆಯಾದರೂ ಈ ಮಾತು ಬಂದೇ ಬರುತ್ತಿತ್ತು. ಮನ್ಸೂರಅಲಿ “ಇರಲಿ ಬಿಡಿ ಭಾಯಿಸಾಬ್” ಎಂದು ದೊಡ್ಡ ಮನಸ್ಸಿನವನ ಹಾಗೆ ಕ್ಷಮಿಸುತ್ತಿದ್ದ. ಸುಮಾರು ಇಪ್ಪತ್ತು ವರ್ಷ ಕ್ಷಮಿಸಿದ.

2009ರಲ್ಲಿ ಬಾತ್ರಾ ಅವರಿಗೆ ಎಂಬತ್ತಾಗಿತ್ತು, ದನಿ ಕುಗ್ಗಿತ್ತು. ಆ ಭಾನುವಾರ ಅವರು, ನಾಳೆ ಎದೆಯ ಆಪರೇಷನ್ ಇದೆ, ಉಳಿಯುತ್ತೇನೋ ಇಲ್ಲವೋ, ಆ ನನ್ನ ತಪ್ಪನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದರು. ಮನ್ಸೂರಅಲಿಯ ಬಾಯಿ ರೂಢಿಯಂತೆ “ಇರಲಿ ಬಿಡಿ” ಎನ್ನಲು ತೆರೆಯಿತು.

ಒಳಗಿಂದ ಮದೀನಾಬೀ ಸಿಡಿದು ಬಂದಳು. ಆ ‘ಆತೂಂ’ ಬಗ್ಗೆ ಇಷ್ಟು ವರ್ಷ ತುಟಿ ಬಿಚ್ಚದವಳು! ಅವಳ ದಖನಿಯನ್ನು ಕನ್ನಡದಲ್ಲಿ ಹೇಳುವುದಾದರೆ: “ಸಾಯಾಕ ಹತ್ಯಾನ ಆ ಮುದುಕ. ತನ್ನ ಕಿವಿ ತಾ ಬೈಕೋತ ಸಾಯ್ಲೇನ? ನಾ ಅವತ್ತು ಟ್ರಂಕು ತಗದಿದ್ದೆ. ನಾಚಿಕಿ ಆಗಂಗಿಲ್ಲ ನಿನಗ?”

ಮನ್ಸೂರಅಲಿ ಮೈಕನ್ನು ಬಾಯಿಗೆ ಹಿಡಿದ. “ಭಾಯಿಸಾಬ್,” ಎಂದ ಅವನು, “ನಿಮ್ಮ ಕಿವಿಗೆ ಸರಿಯಾಗಿಯೇ ಕೇಳಿಸಿತ್ತು. ಅವತ್ತು ನಾನು ಬರುತ್ತೇನೆಂದೇ ಹೇಳಿದ್ದೆ.”

ಗರಗರ ಸದ್ದಿನ ನಡುವೆ ಬಾತ್ರಾ ಅವರ ದನಿ ಬಂತು. ಸಿಟ್ಟಿರಲಿಲ್ಲ, ಮಗು ಕೇಳುವ ಹಾಗೆ ಕೇಳಿದರು: “ಮತ್ತೆ ಯಾಕೆ ಬರಲಿಲ್ಲ, ಮನ್ಸೂರ್?”

ಈ ಯಂತ್ರದಲ್ಲಿ ಮಾತಾಡಲು ಮೈಕಿನ ಗುಂಡಿ ಒತ್ತಬೇಕು. ಒತ್ತಿ ಹಿಡಿದಷ್ಟು ಹೊತ್ತು ಆ ಕಡೆಯವರ ದನಿ ಇಲ್ಲಿ ಕೇಳುವುದಿಲ್ಲ. ಮನ್ಸೂರಅಲಿ ಗುಂಡಿ ಒತ್ತಿದ. ಹೇಳಲು ಏನೂ ಸಿಗಲಿಲ್ಲ. ಬಿಟ್ಟರೆ ಅವರು ಮತ್ತೆ ಕೇಳುತ್ತಾರೆಂದು ಹೆದರಿ, ಬೆರಳು ಸೋಲುವವರೆಗೂ ಒತ್ತಿಯೇ ಹಿಡಿದ.